ಸಂಜೆ 7ರಿಂದ 8ರೊಳಗೆ: ಕೋಳಿ-ಪಾಸ್ತಾ ಊಟದ ಪ್ರಶ್ನೋತ್ತರ

ಕೆಲಸದ ದಿನಗಳ ರಾತ್ರಿ ಕೋಳಿ ಮತ್ತು ಪಾಸ್ತಾ ಸೇರಿಸಿ ಮಾಡುವ ಊಟದ ಬಗ್ಗೆ ಪ್ರಶ್ನೆ ಕಳುಹಿಸುವಂತೆ ಹಿಂದಿನ ಸಂಚಿಕೆಯಲ್ಲಿ ಓದುಗರನ್ನು ಕೇಳಿಕೊಂಡಿದ್ದೆವು. ಬಂದ ಪತ್ರಗಳು ಬಹುಮಟ್ಟಿಗೆ ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯವು, ಒಂದು ಮಾತ್ರ ಘಟ್ಟದ ಮೇಲಿನ ಶಿರಸಿಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯದ ಈ ಎರಡು ತಿಂಗಳು ನಮ್ಮ ಕಡೆಯ ಅಡುಗೆಮನೆಗಳಲ್ಲಿ ಮೀನಿನ ಜಾಗಕ್ಕೆ ಕೋಳಿ ಬರುವ ಕಾಲವಾದ್ದರಿಂದ ಉತ್ತರಗಳನ್ನು ಮುಂದೂಡುವುದು ಸರಿಯೆನಿಸಲಿಲ್ಲ. ಹಲವರು ಒಂದೇ ಸಂದೇಹವನ್ನು ಬರೆದಿದ್ದಲ್ಲಿ ಹೆಚ್ಚು ವಿವರವಿದ್ದ ಪತ್ರವನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ಕಾರವಾರದಲ್ಲಿ ಬ್ಯಾಂಕ್ ಉದ್ಯೋಗಿ. ಮನೆಗೆ ಬರುವಾಗ ಸಂಜೆ 7 ಗಂಟೆಯಾಗಿರುತ್ತದೆ. ಪತಿಗೆ ಕೈಗಾದಲ್ಲಿ ಪಾಳಿಯ ಕೆಲಸ. ರಾತ್ರಿ ಪಾಳಿ ಇದ್ದ ದಿನ ಅವರು ಬೇಗ ಉಂಡು ಬಸ್ಸು ಹಿಡಿಯಬೇಕು. ಇಬ್ಬರು ಮಕ್ಕಳೂ ಕೋಳಿ ಹಾಕಿದ ಪಾಸ್ತಾ ಕೇಳುತ್ತಾರೆ. ನಾನು ಮೊದಲು ಪಾಸ್ತಾ ಬೇಯಿಸಿ ಬಸಿದಿಟ್ಟು, ಆಮೇಲೆ ಕೋಳಿಗೆ ಕೈಹಾಕುತ್ತೇನೆ. ಕೋಳಿ ಬೇಯುವಷ್ಟರಲ್ಲಿ ಪಾಸ್ತಾ ಒಂದಕ್ಕೊಂದು ಅಂಟಿ ಮುದ್ದೆಯಾಗಿರುತ್ತದೆ, ಗಂಟೆಯೂ ಎಂಟೂವರೆ ದಾಟಿರುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಿಮ್ಮ ಕೈಯಲ್ಲಿ ತಪ್ಪಿಲ್ಲ, ಕೆಲಸಗಳ ಸರದಿಯಲ್ಲಿ ತಪ್ಪಿದೆ. ಬೆಂದ ಕೋಳಿ ಹತ್ತು ನಿಮಿಷ ಕಾಯಬಲ್ಲದು, ಕಾದರೆ ಅದಕ್ಕೆ ಒಳ್ಳೆಯದೇ; ಬೆಂದ ಪಾಸ್ತಾ ಎರಡು ನಿಮಿಷವೂ ಕಾಯಲಾರದು. ನೀವು ಕಾಯಲಾರದ್ದನ್ನು ಮೊದಲು ಮುಗಿಸಿ, ಕಾಯಬಲ್ಲದ್ದನ್ನು ಕೊನೆಗೆ ಇಟ್ಟುಕೊಂಡಿದ್ದೀರಿ. ಈ ಒಂದನ್ನು ತಿರುಗಿಸಿದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ. ನಾನು ಈ ಸರದಿಯನ್ನು ಗಡಿಯಾರ ಎದುರಿಗಿಟ್ಟುಕೊಂಡು ಹಲವು ಸಲ ಮಾಡಿ ನೋಡಿದ್ದೇನೆ, ಆದ್ದರಿಂದ ನಿಮಿಷ ಸಮೇತ ಬರೆಯುತ್ತೇನೆ.

ಮನೆಯೊಳಗೆ ಕಾಲಿಟ್ಟವರು ಬಟ್ಟೆ ಬದಲಿಸುವುದಕ್ಕೂ ಮೊದಲು 3 ಲೀಟರ್ ನೀರನ್ನು ದೊಡ್ಡ ಪಾತ್ರೆಯಲ್ಲಿ ಮುಚ್ಚಳ ಹಾಕಿ ದೊಡ್ಡ ಉರಿಯ ಮೇಲಿಡಿ. ಮನೆಯ ಗ್ಯಾಸ್ ಒಲೆಯಲ್ಲಿ ಇಷ್ಟು ನೀರು ಕುದಿಯಲು 12ರಿಂದ 15 ನಿಮಿಷ ಬೇಕು. ಈ ಅವಧಿ ಯಾರಿಂದಲೂ ಕಡಿಮೆ ಮಾಡಲಾಗದ ಅವಧಿ, ಹಾಗಾಗಿ ಅದು ನೀವು ಕೈಕಾಲು ತೊಳೆಯುವಾಗಲೇ ಕಳೆದುಹೋಗಲಿ. ನಾಲ್ಕು ಜನರಿಗೆ 320 ಗ್ರಾಂ ಒಣ ಪಾಸ್ತಾ, 400 ಗ್ರಾಂ ಮೂಳೆಯಿಲ್ಲದ ಕೋಳಿ ಸಾಕು. ಕೋಳಿಯನ್ನು ಎರಡು ಸೆಂಟಿಮೀಟರ್ ಗಾತ್ರದ ತುಂಡುಗಳಾಗಿ ಬೆಳಿಗ್ಗೆಯೇ ಕತ್ತರಿಸಿ, ಒಂದು ಚಹಾ ಚಮಚ ಉಪ್ಪು, ಸ್ವಲ್ಪ ಅರಿಸಿನ, ಕುಟ್ಟಿದ ಕಾಳುಮೆಣಸು ಸವರಿ ಫ್ರಿಜ್‌ನಲ್ಲಿ ಇಟ್ಟಿದ್ದರೆ ಇನ್ನೂ ಹತ್ತು ನಿಮಿಷ ಉಳಿಯಿತು.

ಈಗ ಅಗಲವಾದ ಬಾಣಲೆಯನ್ನು ಎರಡನೇ ಒಲೆಯ ಮೇಲೆ ಚೆನ್ನಾಗಿ ಕಾಯಿಸಿ, ಎರಡು ದೊಡ್ಡ ಚಮಚ ಎಣ್ಣೆ ಹಾಕಿ, ಕೋಳಿಯ ತುಂಡುಗಳನ್ನು ಒತ್ತಿ ಒರೆಸಿ ಒಂದೇ ಪದರದಲ್ಲಿ ಹರಡಿ. ಆಮೇಲೆ ಎರಡು ನಿಮಿಷ ಸೌಟು ಹಾಕಬೇಡಿ. ನಮ್ಮಲ್ಲಿ ಬಾಣಲೆಯ ಮುಂದೆ ನಿಂತವರಿಗೆ ಕೈ ಸುಮ್ಮನಿರುವುದಿಲ್ಲ, ಒಂದೇ ಸಮನೆ ಮಗುಚುತ್ತಾರೆ. ಮಗುಚಿದಷ್ಟೂ ಕೋಳಿ ನೀರು ಬಿಟ್ಟುಕೊಂಡು ಆ ನೀರಿನಲ್ಲೇ ಬೇಯುತ್ತದೆ. ನೀರಿರುವ ತನಕ ಬಾಣಲೆಯ ಬಿಸಿ 100 ಡಿಗ್ರಿಯನ್ನು ದಾಟುವುದಿಲ್ಲ, ಮಾಂಸದ ಮೇಲ್ಮೈ ಕೆಂಪಗೆ ಹುರಿದು ಘಮ ಬರಬೇಕಾದರೆ ಸುಮಾರು 140 ಡಿಗ್ರಿಯಾದರೂ ಬೇಕು. ಆದ್ದರಿಂದಲೇ ಒರೆಸುವುದು, ಒಂದೇ ಪದರದಲ್ಲಿ ಹರಡುವುದು, ಸುಮ್ಮನೆ ಬಿಡುವುದು. ಬಾಣಲೆ ಚಿಕ್ಕದಾದರೆ ಎರಡು ಕಂತಿನಲ್ಲಿ ಹುರಿಯಿರಿ, ಒಟ್ಟಿಗೆ ತುಂಬಬೇಡಿ. ಒಂದು ಬದಿ ಕೆಂಪಾದ ಮೇಲೆ ತಿರುಗಿಸಿ, ಒಟ್ಟು ಆರೇಳು ನಿಮಿಷಕ್ಕೆ ತಟ್ಟೆಗೆ ತೆಗೆದಿಡಿ.

ತಳದಲ್ಲಿ ಹಿಡಿದಿರುವ ಕಂದು ಬಣ್ಣದ ಅಂಟನ್ನು ತೊಳೆಯಬೇಡಿ, ಊಟದ ಅರ್ಧ ರುಚಿ ಅಲ್ಲಿದೆ. ಅದೇ ಬಾಣಲೆಗೆ ಹೆಚ್ಚಿದ ಈರುಳ್ಳಿ, ಬೆಳ್ಳುಳ್ಳಿ, ಬಳಿಕ ಮೂರು ಟೊಮೇಟೊ ಹಾಕಿ. ಅಷ್ಟರಲ್ಲಿ ನೀರು ಕುದಿಯುತ್ತಿರುತ್ತದೆ. ಅದಕ್ಕೆ ಎರಡು ದೊಡ್ಡ ಚಮಚದಷ್ಟು ಉಪ್ಪು, ಅಂದರೆ ಲೀಟರಿಗೆ ಸುಮಾರು 10 ಗ್ರಾಂ, ಹಾಕಿ ಪಾಸ್ತಾ ಸುರಿಯಿರಿ. ಮೊದಲ ಎರಡು ನಿಮಿಷ ಇಲ್ಲಿ ಮಾತ್ರ ಸೌಟು ಆಡಿಸುತ್ತಿರಬೇಕು, ಏಕೆಂದರೆ ಮೇಲ್ಮೈಯ ಪಿಷ್ಟ ಕರಗಿ ತುಂಡುಗಳು ಒಂದಕ್ಕೊಂದು ಅಂಟುವುದು ಆಗಲೇ. ಪೊಟ್ಟಣದ ಮೇಲೆ 10 ನಿಮಿಷ ಎಂದಿದ್ದರೆ 8ನೇ ನಿಮಿಷಕ್ಕೆ ಒಂದು ತುಂಡು ಕಚ್ಚಿ ನೋಡಿ. ನಡುವೆ ಕೂದಲೆಳೆಯಷ್ಟು ಗಟ್ಟಿ ಉಳಿದಿರಬೇಕು. ಬಸಿಯುವ ಮೊದಲು ಒಂದು ಲೋಟ ನೀರನ್ನು ತೆಗೆದಿಟ್ಟುಕೊಳ್ಳುವುದನ್ನು ಮರೆಯಬೇಡಿ. ಕುಚ್ಚಲಕ್ಕಿ ಅನ್ನದ ಗಂಜಿತಿಳಿಯನ್ನು ಉಪ್ಪು ಹಾಕಿ ಕುಡಿದು ಬೆಳೆದ ನಮಗೆ ಈ ಬೆಳ್ಳನೆಯ ನೀರಿನ ಬೆಲೆ ಹೇಳಿಕೊಡಬೇಕಾಗಿಲ್ಲ. ಟೊಮೇಟೊ ಮಸಾಲೆಗೆ ಈ ತಿಳಿ ಅರ್ಧ ಲೋಟ, ಬಸಿದ ಪಾಸ್ತಾ, ತಟ್ಟೆಯಲ್ಲಿ ಸೋರಿದ ರಸದ ಸಮೇತ ಕೋಳಿ, ಇಷ್ಟನ್ನೂ ಸೇರಿಸಿ ಜೋರು ಉರಿಯಲ್ಲಿ ಎರಡು ನಿಮಿಷ ಹೊರಳಿಸಿದರೆ ಪಾಸ್ತಾ ತನ್ನ ಉಳಿದ ಬೇಯುವಿಕೆಯನ್ನು ರಸದೊಳಗೇ ಮುಗಿಸಿಕೊಂಡು, ತುಂಡು ತುಂಡಿಗೂ ಮಸಾಲೆ ಹಿಡಿಯುತ್ತದೆ. ನನ್ನ ಲೆಕ್ಕದಲ್ಲಿ 7.40ಕ್ಕೆ ತಟ್ಟೆ ಹಾಕಬಹುದು.

ಪ್ರಶ್ನೆ: ಅಂಕೋಲಾದಿಂದ ಬರೆಯುತ್ತಿದ್ದೇನೆ. ಮೂಳೆಯಿಲ್ಲದ ಎದೆಯ ಮಾಂಸ ತಂದರೆ ಪ್ರತಿ ಸಲವೂ ಒಣಗಿ ರಬ್ಬರಿನಂತಾಗುತ್ತದೆ. ಸಾರಿನ ಕೋಳಿ ಎಷ್ಟು ಬೆಂದರೂ ಹೀಗಾಗುವುದಿಲ್ಲ. ಕಾರಣವೇನು?

ಉತ್ತರ: ಸಾರಿಗೆ ಹಾಕುವ ತುಂಡುಗಳಲ್ಲಿ ಕಾಲು, ತೊಡೆ, ಬೆನ್ನಿನ ಭಾಗ ಹೆಚ್ಚು. ಓಡಾಡುವ ಆ ಸ್ನಾಯುಗಳಲ್ಲಿ ಕೊಬ್ಬೂ ಇದೆ, ನಿಧಾನವಾಗಿ ಬೆಂದು ಅಂಟಾಗುವ ನಾರೂ ಇದೆ. ಹೆಚ್ಚು ಬೇಯಿಸಿದಷ್ಟೂ ಅವು ಮೆತ್ತಗಾಗುತ್ತವೆ. ಎದೆಯ ಮಾಂಸದಲ್ಲಿ ಎರಡೂ ಕಡಿಮೆ. ಅದು ಒಳಗೆ 74 ಡಿಗ್ರಿ ಮುಟ್ಟಿದ ಕೂಡಲೇ ತಿನ್ನಲು ಸುರಕ್ಷಿತ. ಅಲ್ಲಿಂದ ಮುಂದಿನ ಪ್ರತಿ ನಿಮಿಷವೂ ಅದರ ರಸವನ್ನು ಹಿಂಡಿ ಹೊರಹಾಕುವ ನಿಮಿಷ. ಸಾರಿನ ಕೋಳಿಯ ಅಂದಾಜಿನಲ್ಲಿ ಇಪ್ಪತ್ತು ನಿಮಿಷ ಬೇಯಿಸಿದರೆ ಎದೆಮಾಂಸ ನೀವು ಹೇಳಿದಂತೆಯೇ ಆಗುತ್ತದೆ.

ಮೂರು ಉಪಾಯಗಳಿವೆ, ಅವುಗಳಲ್ಲಿ ಮೊದಲನೆಯದೇ ನನಗೆ ಹೆಚ್ಚು ಹಿಡಿಸಿದ್ದು: ಅಂಗಡಿಯಲ್ಲಿ ಎದೆಯ ಬದಲು ತೊಡೆಯ ಮಾಂಸವನ್ನು ಮೂಳೆ ಬಿಡಿಸಿ ಕೊಡುವಂತೆ ಕೇಳಿ. ಐದು ನಿಮಿಷ ಹೆಚ್ಚು ಬೆಂದರೂ ಅದು ನಿಮ್ಮನ್ನು ಕ್ಷಮಿಸುತ್ತದೆ, ಫೋನು ಬಂದು ಒಲೆ ಮರೆತ ದಿನಗಳಲ್ಲಿ ಅಂಥದ್ದೇ ಬೇಕು. ಎದೆಮಾಂಸವೇ ಬೇಕೆಂದಾದರೆ ಅದರ ದಪ್ಪ ತುದಿಯನ್ನು ಪ್ಲಾಸ್ಟಿಕ್ ಹಾಳೆಯಡಿ ಇಟ್ಟು ಲಟ್ಟಣಿಗೆಯಿಂದ ಹೊಡೆದು ಎಲ್ಲೆಡೆ ಸಮ ದಪ್ಪ ಮಾಡಿ, ಇಲ್ಲವೇ ನಾರಿನ ಅಡ್ಡಕ್ಕೆ ಕತ್ತರಿಸಿ. ಉಪ್ಪನ್ನು ಅರ್ಧ ಗಂಟೆಯಾದರೂ ಮೊದಲು ಹಚ್ಚಿಡಿ. ಉಪ್ಪು ಒಳಗಿಳಿದ ಮಾಂಸ ಬೇಯುವಾಗ ತನ್ನ ನೀರನ್ನು ಹೆಚ್ಚು ಹಿಡಿದುಕೊಳ್ಳುತ್ತದೆ. ನಿಂಬೆರಸದಲ್ಲಿ ಮಾತ್ರ ದಿನವಿಡೀ ನೆನೆಹಾಕಬೇಡಿ, ಹುಳಿಗೆ ಮೇಲ್ಮೈ ಹಿಟ್ಟಿನಂತಾಗುತ್ತದೆ.

ಹಸಿ ಕೋಳಿಯನ್ನು ನಲ್ಲಿಯಡಿ ಹಿಡಿದು ತೊಳೆಯುವುದನ್ನು ಬಿಟ್ಟುಬಿಡಿ ಎಂದೂ ಇಲ್ಲೇ ಕೇಳಿಕೊಳ್ಳುತ್ತೇನೆ. ನಮ್ಮ ಹಿರಿಯರು ಅರಿಸಿನ ಉಪ್ಪು ಹಾಕಿ ತೊಳೆಯುತ್ತಿದ್ದದ್ದು ಮನೆಯಂಗಳದಲ್ಲಿ ಕೊಯ್ದ ಕೋಳಿಯನ್ನು, ಹಿತ್ತಿಲ ಬಾವಿಕಟ್ಟೆಯಲ್ಲಿ. ಇಂದಿನ ಅಡುಗೆಮನೆಯ ಸಿಂಕಿನಲ್ಲಿ ಸಿಡಿಯುವ ಹನಿಗಳು ಪಕ್ಕದ ಸೌತೆಕಾಯಿ, ಲೋಟ, ಒಗ್ಗರಣೆ ಡಬ್ಬಿಗಳ ಮೇಲೆ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್‌ನಂಥ ಸೂಕ್ಷ್ಮಜೀವಿಗಳನ್ನು ಹರಡುತ್ತವೆ. ಅವನ್ನು ಕೊಲ್ಲುವುದು ಬೆಂಕಿಯೇ ಹೊರತು ನೀರಲ್ಲ. ರಕ್ತ, ಗರಿಯ ಚೂರು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಬಿಸಿನೀರಿನಲ್ಲಿ ಸೋಪು ಹಾಕಿ ಒಗೆಯಿರಿ. ತೊಳೆಯದೆ ಮನಸ್ಸು ಒಪ್ಪದಿದ್ದರೆ, ಹರಿಯುವ ನಲ್ಲಿಯಡಿ ಹಿಡಿಯದೆ ಪಾತ್ರೆಯ ನೀರಿನಲ್ಲಿ ಮೆಲ್ಲನೆ ಮುಳುಗಿಸಿ ತೆಗೆದು, ಸಿಂಕನ್ನು ಕೂಡಲೇ ಉಜ್ಜಿಬಿಡಿ.

ಪ್ರಶ್ನೆ: ಕುಮಟಾ ತಾಲೂಕಿನ ಹಳ್ಳಿಯವಳು ನಾನು. ಹಾಲು, ಮೊಸರು, ಟೊಮೇಟೊ ಸೇರಿಸಿ ಬಿಳಿ ರಸ ಮಾಡಲು ಹೋದರೆ ಒಡೆದು ಗಸಿಗಸಿಯಾಗುತ್ತದೆ. ಕ್ರೀಮ್ ನಮ್ಮೂರ ಅಂಗಡಿಯಲ್ಲಿ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಕಾಯಿಹಾಲು ಹಾಕಿದರೆ ಪಾಸ್ತಾದ ರುಚಿ ಕೆಡುತ್ತದೆಯೇ?

ಉತ್ತರ: ಕೆಡುವುದಿಲ್ಲ. ಈ ಪ್ರಶ್ನೆ ಬಂದದ್ದಕ್ಕೆ ನನಗೆ ನಿಜವಾಗಿಯೂ ಸಂತೋಷವಾಯಿತು, ಏಕೆಂದರೆ ಹಿತ್ತಿಲಲ್ಲಿ ತೆಂಗಿನ ಮರವಿಟ್ಟುಕೊಂಡು ಕ್ರೀಮಿನ ಪೊಟ್ಟಣಕ್ಕಾಗಿ ಪೇಟೆಗೆ ಹೋಗಬೇಕಾದ ಕಾರಣ ನನಗೆ ಕಾಣುವುದಿಲ್ಲ. ಅಕ್ಕಿ ಶಾವಿಗೆಗೆ ಬೆಲ್ಲ ಹಾಕಿದ ಕಾಯಿರಸ ಕಲಸಿ ತಿನ್ನುವುದು ನಮಗೆ ಹೊಸದಲ್ಲ. ಅದು ಸಿಹಿ, ಇದು ಖಾರ, ವ್ಯತ್ಯಾಸ ಅಷ್ಟೇ.

ಮೊದಲು ಹಾಲು ಒಡೆಯುವ ಕಾರಣ. ಹಾಲಿನ ಪ್ರೋಟೀನು ಹುಳಿ ಮತ್ತು ಬಿಸಿ ಒಟ್ಟಿಗೆ ತಾಗಿದಾಗ ಗಂಟುಕಟ್ಟುತ್ತದೆ, ನಾವು ಪನೀರು ಮಾಡುವುದೇ ಹೀಗೆ. ಟೊಮೇಟೊ ಮತ್ತು ಮೊಸರಿನ ಹುಳಿಯಲ್ಲಿ ಹಾಲು ಕುದಿಸಿದರೆ ಒಲೆಯ ಮೇಲೆ ನಡೆಯುವುದು ಅದೇ ಕೆಲಸ. ಹಾಲೇ ಬೇಕೆನಿಸಿದ ದಿನ ಟೊಮೇಟೊವನ್ನೂ ಮೊಸರನ್ನೂ ಬಿಟ್ಟು, ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ ಒಂದು ದೊಡ್ಡ ಚಮಚ ಮೈದಾವನ್ನು ಬಣ್ಣ ಬದಲಾಗದಂತೆ ಹುರಿದು, ಒಂದೂವರೆ ಲೋಟ ಹಾಲನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿ. ಹಿಟ್ಟಿನ ಪಿಷ್ಟ ಆ ಪ್ರೋಟೀನನ್ನು ಗಂಟಾಗಲು ಬಿಡುವುದಿಲ್ಲ.

ಇನ್ನು ಕಾಯಿಹಾಲಿನ ಕ್ರಮ. ಮಧ್ಯಮ ಗಾತ್ರದ ಒಂದು ತೆಂಗಿನಕಾಯಿಯ ತುರಿಗೆ ಅರ್ಧ ಲೋಟ ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ ಹಿಂಡಿದರೆ ದಪ್ಪ ಹಾಲು. ಅದೇ ಚರಟಕ್ಕೆ ಮತ್ತೆ ಒಂದೂವರೆ ಲೋಟ ನೀರು ಹಾಕಿ ಹಿಂಡಿದರೆ ತೆಳು ಹಾಲು. ಬೇಸಿಗೆಯಲ್ಲಿ ನಿಮ್ಮೂರ ಹೆದ್ದಾರಿಯ ಬದಿಗೆ ಜಡೆ ಹೆಣೆದು ತೂಗುಹಾಕಿ ಮಾರುವ ಕುಮಟಾ ಸಿಹಿ ಈರುಳ್ಳಿಯನ್ನು ಅಡ್ಡೆಯಲ್ಲಿ ಕಟ್ಟಿಟ್ಟುಕೊಂಡಿದ್ದರೆ ಅದರಲ್ಲಿ ಎರಡು ದೊಡ್ಡವನ್ನು ಉದ್ದಕ್ಕೆ ಸೀಳಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಾಡಿಸಿ. ಬೇರೆ ಯಾವ ಈರುಳ್ಳಿಯೂ ಇಷ್ಟು ಬೇಗ ಕರಗಿ ಸಿಹಿಯಾಗುವುದನ್ನು ನಾನು ಕಂಡಿಲ್ಲ. ಅದಕ್ಕೆ ಜಜ್ಜಿದ ಬೆಳ್ಳುಳ್ಳಿ, ಒಂದೆರಡು ಸೂಜಿಮೆಣಸು, ಒಂದು ಚಹಾ ಚಮಚ ಒರಟಾಗಿ ಕುಟ್ಟಿದ ಕಾಳುಮೆಣಸು, ಐದಾರು ಕರಿಬೇವು. ಬಳಿಕ ತೆಳು ಹಾಲು ಹಾಕಿ, ಮೊದಲೇ ಹುರಿದಿಟ್ಟ ಕೋಳಿಯನ್ನು ಅದರಲ್ಲಿ ಮೂರು ನಿಮಿಷ ಕುದಿಸಿ, ಅರೆಬೆಂದ ಪಾಸ್ತಾ ಬೆರೆಸಿ, ಅದು ಹದಕ್ಕೆ ಬಂದ ಮೇಲೆ ಉರಿ ತಗ್ಗಿಸಿ ದಪ್ಪ ಹಾಲು ಹಾಕಿ. ದಪ್ಪ ಹಾಲು ಹಾಕಿದ ಮೇಲೆ ಕುದಿಸಬಾರದೆಂಬುದು ಮೀನಿನ ಅಡುಗೆ ಮಾಡಿದ ಕೈಗೆ ಗೊತ್ತೇ ಇದೆ; ಜೋರು ಕುದಿಯಲ್ಲಿ ಎಣ್ಣೆ ಬೇರೆಯಾಗುತ್ತದೆ. ಪಾಸ್ತಾದ ತಿಳಿ ಎರಡು ಸೌಟು ಸೇರಿಸಿದರೆ ಅದರ ಪಿಷ್ಟ ಎಣ್ಣೆ ನೀರುಗಳನ್ನು ಒಂದಾಗಿ ಹಿಡಿದಿಡುತ್ತದೆ, ಹಾಗಾಗಿ ರಸ ನುಣ್ಣಗೆ ಉಳಿಯುತ್ತದೆ.

ಹುಳಿ ಬೇಡವೇ ಎಂದು ಕೇಳುವಿರಿ. ಬೇಕು, ಆದರೆ ಕೊನೆಗೆ. ಎರಡು ಮುರುಗಲು ಸಿಪ್ಪೆಯನ್ನು ಕಾಲು ಲೋಟ ಬಿಸಿನೀರಿನಲ್ಲಿ ನೆನೆಸಿದ ರಸವನ್ನು ಒಲೆ ಆರಿಸಿದ ಮೇಲೆ ಬೆರೆಸಿ. ರಸದ ಬಣ್ಣ ತುಸು ನಸುಗೆಂಪಾದೀತು, ಅದಕ್ಕೆ ಅಂಜಬೇಕಾಗಿಲ್ಲ. ಇದರ ಮೇಲೆ ಚೀಸ್ ತುರಿದು ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಕಾಯಿಹಾಲೂ ಚೀಸೂ ಒಂದರ ರುಚಿಯನ್ನು ಇನ್ನೊಂದು ಮುಚ್ಚುತ್ತವೆ.

ಪ್ರಶ್ನೆ: ನಮ್ಮದು ಶಿರಸಿ. ಅತ್ತೆ ಮಾಂಸ ತಿನ್ನುವುದಿಲ್ಲ, ಉಳಿದವರು ತಿನ್ನುತ್ತೇವೆ. ಎರಡು ಬಗೆಯ ಅಡುಗೆ ಮಾಡುವಷ್ಟು ಹೊತ್ತು ವಾರದ ದಿನಗಳಲ್ಲಿ ಇರುವುದಿಲ್ಲ. ಅವರ ಮನಸ್ಸಿಗೆ ನೋವಾಗದಂತೆ ಒಂದೇ ಅಡುಗೆಯಲ್ಲಿ ನಿಭಾಯಿಸಬಹುದೇ?

ಉತ್ತರ: ನಿಭಾಯಿಸಬಹುದು. ಕೋಳಿಯನ್ನು ರಸದೊಳಗೆ ಬೇಯಿಸುವ ಕ್ರಮ ಬಿಟ್ಟು, ಕೋಳಿಯನ್ನು ಕೊನೆಗೆ ಮೇಲಿಂದ ಸೇರಿಸುವ ಕ್ರಮ ಹಿಡಿಯಿರಿ. ಪಾಸ್ತಾ, ರಸ ಎರಡೂ ಸಸ್ಯಾಹಾರವೇ ಆಗಿರಲಿ. ಅವೆರಡೂ ಸೇರಿ ಸಿದ್ಧವಾದ ಕೂಡಲೇ ಅತ್ತೆಯವರ ಪಾಲನ್ನು ಅವರ ಪಾತ್ರೆಗೆ ಮೊದಲು ತೆಗೆಯಿರಿ. ಅದಕ್ಕೆ ತುಪ್ಪದಲ್ಲಿ ಹುರಿದ ಗೋಡಂಬಿಯೋ ಪನೀರೋ ಹಾಕಿದರೆ ಅದು ಉಳಿದದ್ದನ್ನು ಕೊಟ್ಟಂತಾಗದೆ ಅವರಿಗೆಂದೇ ಮಾಡಿದ ಊಟವಾಗುತ್ತದೆ. ಕೋಳಿಗೆ ಬೇರೆ ಬಾಣಲೆ, ಬೇರೆ ಹಲಗೆ, ಬೇರೆ ಚಾಕು, ಬೇರೆ ಸೌಟು ಇರಲಿ. ಬೇರೆ ಹಲಗೆ ಮಡಿಗಾಗಿ ಮಾತ್ರವಲ್ಲ, ಹಸಿ ಮಾಂಸದ ರಸ ತರಕಾರಿಗೆ ತಾಗದಿರಲೆಂದು ಎಲ್ಲರ ಮನೆಯಲ್ಲೂ ಬೇಕಾದದ್ದು. ಫ್ರಿಜ್‌ನಲ್ಲಿಯೂ ಕೋಳಿ ಅತಿ ಕೆಳಗಿನ ಅಂಕಣದಲ್ಲಿ, ಮುಚ್ಚಿದ ಡಬ್ಬಿಯಲ್ಲಿ ಇರಬೇಕು.

ಒಂದೆರಡು ವಿಷಯ ಗಮನಿಸಿ. ಕೆಲವು ಪಾಸ್ತಾಗಳಲ್ಲಿ ಮೊಟ್ಟೆ ಇರುತ್ತದೆ, ಕೆಲವು ವಿದೇಶಿ ಚೀಸ್‌ಗಳನ್ನು, ಮುಖ್ಯವಾಗಿ ಇಟಲಿಯ ಪಾರ್ಮಿಜಾನೊವನ್ನು, ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಬಳಸಿ ಹೆಪ್ಪುಗಟ್ಟಿಸುತ್ತಾರೆ. ಪೊಟ್ಟಣದ ಮೇಲಿನ ಹಸಿರು ಗುರುತನ್ನು ನೋಡಿಯೇ ಕೊಳ್ಳಿ. ಇನ್ನೊಂದು, ನಿಮ್ಮೂರು ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ ಒಂದು ನಿಮಿಷ ಹೆಚ್ಚು ಬೇಕಾಗಬಹುದು, ಕಚ್ಚಿ ನೋಡಿ ನಿರ್ಧರಿಸಿ. ಕಾಳುಮೆಣಸಿನ ಬಗ್ಗೆ ಶಿರಸಿಯವರಿಗೆ ನಾನು ಹೇಳುವಂಥದ್ದೇನಿಲ್ಲ. ತೋಟದ್ದನ್ನೇ ಆಗಿಂದಾಗ ಕುಟ್ಟಿ ಹಾಕಿ, ಪುಡಿ ಮಾಡಿ ತಿಂಗಳುಗಟ್ಟಲೆ ಇಟ್ಟದ್ದು ಬೇಡ.

ಪ್ರಶ್ನೆ: ನಾವು ಭಟ್ಕಳದವರು. ನಮ್ಮ ಮನೆಗಳಲ್ಲಿ ಅಕ್ಕಿಯ ಬದಲು ಶಾವಿಗೆ ಹಾಕಿ ಬಿರಿಯಾನಿ ಮಾಡುತ್ತೇವೆ. ಆ ರೀತಿ ಪಾಸ್ತಾವನ್ನೂ ಕೋಳಿಯ ಜೊತೆ ಒಂದೇ ಪಾತ್ರೆಯಲ್ಲಿ ಬೇಯಿಸಬಹುದೇ? ತೊಳೆಯುವ ಪಾತ್ರೆಗಳೂ ಕಡಿಮೆಯಾಗುತ್ತವೆ. ಪಾಸ್ತಾ ಬರೀ ಮೈದಾ ಎನ್ನುವುದು ನಿಜವೇ?

ಉತ್ತರ: ಶಾವಿಗೆ ಬಿರಿಯಾನಿ ಮಾಡಿ ಪಳಗಿದ ಕೈಗೆ ಪಾಸ್ತಾ ಪರಕೀಯವಲ್ಲ. ಗೋಧಿಯ ಎಳೆಗೆ ಕೋಳಿಯ ಮಸಾಲೆ ಹೇಗೆ ಇಳಿಯಬೇಕೆಂಬುದನ್ನು ನಿಮ್ಮ ಊರಿನ ನವಾಯತ ಅಡುಗೆ ಬಲ್ಲದು. ಒಂದೇ ಪಾತ್ರೆಯ ಕ್ರಮಕ್ಕೆ ಪೆನ್ನೆ, ಫುಸಿಲ್ಲಿ, ಮ್ಯಾಕರೋನಿಯಂಥ ಗಿಡ್ಡ ಆಕಾರಗಳನ್ನು ಆರಿಸಿ. ಉದ್ದನೆಯ ಸ್ಪಾಗೆಟ್ಟಿ ಇದಕ್ಕೆ ಒಗ್ಗುವುದಿಲ್ಲ. ತಳ ದಪ್ಪವಿರುವ ಅಗಲ ಪಾತ್ರೆಯಲ್ಲಿ ಕೋಳಿಯನ್ನು ಕೆಂಪಗೆ ಹುರಿದು ತೆಗೆದಿಟ್ಟು, ಅದೇ ಪಾತ್ರೆಯಲ್ಲಿ ಈರುಳ್ಳಿ ಮಸಾಲೆ ಬಾಡಿಸಿ, 300 ಗ್ರಾಂ ಪಾಸ್ತಾಕ್ಕೆ 750 ಮಿಲಿಲೀಟರ್ ಬಿಸಿನೀರು ಅಥವಾ ಕೋಳಿಮೂಳೆಯ ರಸ ಹಾಕಿ, ಮುಚ್ಚಳವನ್ನು ಅರೆ ತೆರೆದು 12ರಿಂದ 14 ನಿಮಿಷ ಬೇಯಿಸಿ. ಎರಡೆರಡು ನಿಮಿಷಕ್ಕೊಮ್ಮೆ ತಳದಿಂದ ಕೆದಕುತ್ತಿರಿ. ತೆಗೆದಿಟ್ಟ ಕೋಳಿ ಕೊನೆಯ ಮೂರು ನಿಮಿಷಕ್ಕೆ ಮರಳಲಿ. ನೀರನ್ನು ಬಸಿಯದೇ ಇರುವುದರಿಂದ ಉಪ್ಪು ಸಾರಿನ ಅಳತೆಯಷ್ಟೇ ಇರಬೇಕು. ಒಂದೊಂದು ಎಳೆಯೂ ಬಿಡಿಯಾಗಿ, ಗಟ್ಟಿ ಹದದಲ್ಲಿ ಬೇಕೆನ್ನುವವರಿಗೆ ಈ ಕ್ರಮ ಸಾಲದು. ಮಕ್ಕಳಿಗೆ, ಹಲ್ಲಿಲ್ಲದ ಹಿರಿಯರಿಗೆ ಇದೇ ಮೇಲು.

ಮೈದಾದ ಮಾತು ಅರ್ಧ ನಿಜ. ಅಗ್ಗದ ಕೆಲವು ಪಾಸ್ತಾಗಳಲ್ಲಿ ಮೈದಾ ಇರುವುದುಂಟು. ಒಳ್ಳೆಯದು ಡ್ಯೂರಮ್ ಎಂಬ ಗಡಸು ಗೋಧಿಯ ರವೆಯಿಂದ ಆದದ್ದು, ಹಳದಿ ಛಾಯೆ ಇರುತ್ತದೆ, ಬೆಂದರೂ ಆಕಾರ ಬಿಡುವುದಿಲ್ಲ. ಬಯಲುಸೀಮೆಯಲ್ಲಿ ಶಾವಿಗೆಗೂ ಮಾದಲಿಗೂ ಬಳಸುವ ಜವೆಗೋಧಿ ಈ ಡ್ಯೂರಮ್‌ನ ಹತ್ತಿರದ ಬಂಧು. ಪೊಟ್ಟಣದ ಹಿಂಬದಿಯಲ್ಲಿ ಮೊದಲ ಹೆಸರು ಡ್ಯೂರಮ್ ಗೋಧಿ ರವೆ ಎಂದಿದೆಯೇ ನೋಡಿಕೊಳ್ಳಿ.

ಪ್ರಶ್ನೆ: ಮಾಜಾಳಿಯಲ್ಲಿದ್ದೇವೆ, ಗೋವಾ ಗಡಿಯ ಪಕ್ಕ. ಪ್ರತಿ ಸಲ ಟೊಮೇಟೊ ರಸದ ಪಾಸ್ತಾ ತಿಂದು ಬೇಸರವಾಗಿದೆ. ಬೇಗ ಆಗುವ ಬೇರೆ ಮಸಾಲೆ ತಿಳಿಸಿ.

ಉತ್ತರ: ಕಾಳಿ ನದಿಯ ಆಚೆ ದಡದ ನಿಮಗೆ ಉತ್ತರ ಹತ್ತಿರದಲ್ಲೇ ಇದೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದ ಕಡೆಯಿಂದ ಗೋವಾಕ್ಕೆ ಬಂದದ್ದೆಂದು ಹೇಳಲಾಗುವ ಕಾಫ್ರಿಯಾಲ್ ಮಸಾಲೆ ಪಾಸ್ತಾಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಒಂದು ದೊಡ್ಡ ಕಟ್ಟು ಕೊತ್ತಂಬರಿ ಸೊಪ್ಪನ್ನು ಎಳೆಯ ಕಾಂಡ ಸಮೇತ, ಮೂರು ಹಸಿಮೆಣಸು, ಎಂಟು ಎಸಳು ಬೆಳ್ಳುಳ್ಳಿ, ಒಂದು ಇಂಚು ಶುಂಠಿ, ಒಂದು ಚಹಾ ಚಮಚ ಕಾಳುಮೆಣಸು, ಅರ್ಧ ಚಮಚ ಜೀರಿಗೆ, ಒಂದು ತುಂಡು ಚಕ್ಕೆ, ಮೂರು ಲವಂಗ, ಒಂದು ನಿಂಬೆಯ ರಸ, ಉಪ್ಪು ಸೇರಿಸಿ ನೀರಿಲ್ಲದೆ ನುಣ್ಣಗೆ ರುಬ್ಬಿ. ಕಾರವಾರದ ಭಾನುವಾರದ ಸಂತೆಯಿಂದ ಸೊಪ್ಪು ತಂದ ದಿನವೇ ಎರಡರಷ್ಟು ರುಬ್ಬಿ, ಬರ್ಫದ ಟ್ರೇಯಲ್ಲಿ ತುಂಬಿ ಫ್ರೀಜರಿಗೆ ಹಾಕಿದರೆ ವಾರದ ನಡುವೆ ನಾಲ್ಕೈದು ಗಟ್ಟಿಗಳನ್ನು ತೆಗೆದು ನೇರವಾಗಿ ಬಾಣಲೆಗೆ ಹಾಕಬಹುದು. ಅರ್ಧ ಮಸಾಲೆಯನ್ನು ಕೋಳಿಗೆ ಹಚ್ಚಿ ಹುರಿದು, ಇನ್ನರ್ಧವನ್ನು ಬೆಣ್ಣೆಯಲ್ಲಿ ಒಂದೇ ನಿಮಿಷ ಬಿಸಿಮಾಡಿ, ಪಾಸ್ತಾದ ತಿಳಿ ಹಾಕಿ ಸಡಿಲಿಸಿ. ಹೆಚ್ಚು ಹೊತ್ತು ಕುದಿಸಿದರೆ ಹಸಿರು ಮಾಸುತ್ತದೆ.

ಪ್ರಶ್ನೆ: ಹೊನ್ನಾವರದಲ್ಲಿ ಮಳೆಗಾಲದ ಗಾಳಿಗೆ ಮರ ಬಿದ್ದು ಗಂಟೆಗಟ್ಟಲೆ ಕರೆಂಟು ಹೋಗುತ್ತದೆ. ಭಾನುವಾರ ತಂದ ಕೋಳಿಯನ್ನು ಎಷ್ಟು ದಿನ ಇಡಬಹುದು? ಹೋದ ವರ್ಷ ಹೀಗೆ ಇಟ್ಟ ಕೋಳಿ ತಿಂದು ಮನೆಯವರೆಲ್ಲ ಎರಡು ದಿನ ಹೊಟ್ಟೆ ಕೆಡಿಸಿಕೊಂಡೆವು.

ಉತ್ತರ: ನೀವು ಪಟ್ಟ ಕಷ್ಟ ಓದಿ ಬೇಸರವಾಯಿತು, ಇದರಲ್ಲಿ ಸಡಿಲ ಮಾತು ಆಡಲಾರೆ. ಹಸಿ ಕೋಳಿಯನ್ನು 4 ಡಿಗ್ರಿಯ ಫ್ರಿಜ್‌ನಲ್ಲಿ ಒಂದು, ಹೆಚ್ಚೆಂದರೆ ಎರಡು ದಿನ. ಬೆಂದದ್ದನ್ನು ಮೂರರಿಂದ ನಾಲ್ಕು ದಿನ. ಅದಕ್ಕಿಂತ ಮುಂದಕ್ಕೆ ಬೇಕಾದದ್ದು ತಂದ ದಿನವೇ ಫ್ರೀಜರಿಗೆ ಹೋಗಬೇಕು. ಕೋಳಿಯನ್ನು ಒಂದು ಊಟಕ್ಕೆ ಬೇಕಾದ 400 ಗ್ರಾಂನಂತೆ ಚೀಲಗಳಲ್ಲಿ ಚಪ್ಪಟೆಯಾಗಿ, ಎರಡು ಸೆಂಟಿಮೀಟರ್ ದಪ್ಪಕ್ಕೆ ಹರಡಿ ಇಡಿ. ಉಂಡೆಯಾಗಿ ಹೆಪ್ಪುಗಟ್ಟಿದ್ದು ಕರಗಲು ಇಡೀ ದಿನ ತೆಗೆದುಕೊಂಡರೆ ಚಪ್ಪಟೆಯದು ರಾತ್ರಿ ಫ್ರಿಜ್‌ನ ಕೆಳ ಅಂಕಣಕ್ಕೆ ಇಳಿಸಿದರೆ ಸಂಜೆಗೆ ಸಿದ್ಧ. ಮರೆತಿದ್ದರೆ ಚೀಲವನ್ನು ಬಿಗಿದು ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ, ಒಂದು ಗಂಟೆಯೊಳಗೆ ಕರಗುತ್ತದೆ. ಹಾಗೆ ಕರಗಿದ್ದನ್ನು ಕೂಡಲೇ ಬೇಯಿಸಬೇಕು. ಅಡುಗೆಕಟ್ಟೆಯ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಇಟ್ಟು ಕರಗಿಸುವುದು ಅಪಾಯ, ಏಕೆಂದರೆ 5 ಡಿಗ್ರಿಯಿಂದ 60 ಡಿಗ್ರಿಯ ನಡುವೆ ಸೂಕ್ಷ್ಮಜೀವಿಗಳು ವೇಗವಾಗಿ ಹೆಚ್ಚುತ್ತವೆ, ನಮ್ಮ ಕರಾವಳಿಯ ಅಡುಗೆಮನೆ ವರ್ಷವಿಡೀ ಆ ನಡುವೆಯೇ ಇರುತ್ತದೆ.

ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಅದಕ್ಕೇ ಜೂನ್ ಬರುವ ಮೊದಲು ಖಾಲಿ ಜಾಗದಲ್ಲಿ ನೀರು ತುಂಬಿದ ಬಾಟಲಿಗಳನ್ನು ಇಟ್ಟು ಹೆಪ್ಪುಗಟ್ಟಿಸಿಕೊಳ್ಳಿ. ಕರೆಂಟು ಬಂದ ಮೇಲೆ ಫ್ರೀಜರಿನ ಕೋಳಿಯಲ್ಲಿ ಇನ್ನೂ ಬರ್ಫದ ಹರಳುಗಳು ಇದ್ದರೆ ಬಳಸಬಹುದು. ಕೆಳಗಿನ ಫ್ರಿಜ್‌ನಲ್ಲಿದ್ದ ಹಸಿ ಕೋಳಿ ನಾಲ್ಕು ಗಂಟೆಗಿಂತ ಹೆಚ್ಚು ಕರೆಂಟಿಲ್ಲದೆ ಕಳೆದಿದ್ದರೆ, ವಾಸನೆ ಬರದಿದ್ದರೂ ಬಿಸಾಡಿ. ಹೊಟ್ಟೆ ಕೆಡಿಸುವ ಸೂಕ್ಷ್ಮಜೀವಿಗಳು ವಾಸನೆ ಕೊಟ್ಟು ಎಚ್ಚರಿಸುವುದಿಲ್ಲ. ದುಡ್ಡು ಕೊಟ್ಟು ತಂದದ್ದನ್ನು ಎಸೆಯಲು ಕೈ ಬಾರದೆಂದು ನನಗೆ ಗೊತ್ತು, ಆದರೂ ಎಸೆಯಿರಿ. ಮಳೆ ಜೋರಿರುವ ವಾರಗಳಲ್ಲಿ ಕೋಳಿಯನ್ನು ಆಯಾ ದಿನದಷ್ಟೇ ತರುವುದು ಇನ್ನೂ ಒಳ್ಳೆಯದು.

ಪ್ರಶ್ನೆ: ಪಾಸ್ತಾ ಬೇಯುವ ನೀರಿಗೆ ಎಣ್ಣೆ ಹಾಕಬೇಕೇ? ಬಸಿದ ಮೇಲೆ ತಣ್ಣೀರಿನಲ್ಲಿ ತೊಳೆಯಬೇಕೇ? ಕುಕ್ಕರಿನಲ್ಲಿ ಬೇಯಿಸಬಹುದೇ? (ಗೋಕರ್ಣ)

ಉತ್ತರ: ಎಣ್ಣೆ ಬೇಡ, ಅದು ನೀರಿನ ಮೇಲೆ ತೇಲಿ, ಬಸಿಯುವಾಗ ಪಾಸ್ತಾಕ್ಕೆ ಲೇಪವಾಗಿ ರಸ ಹಿಡಿಯದಂತೆ ಮಾಡುತ್ತದೆ. ಬಿಸಿಯಾಗಿ ತಿನ್ನುವ ಪಾಸ್ತಾವನ್ನು ತೊಳೆಯಬೇಡಿ. ತಣ್ಣಗೆ ಕೋಸಂಬರಿಯಂತೆ ಕಲಸುವುದಾದರೆ ಮಾತ್ರ ತೊಳೆಯಬಹುದು. ಕುಕ್ಕರಿನಲ್ಲಿ ಪಾಸ್ತಾ ನೊರೆಯೆದ್ದು ಆವಿಯ ದಾರಿ ಕಟ್ಟುವ ಭಯವಿದೆ, ಅದಕ್ಕಾಗಿ ನಾನು ಅದನ್ನು ಹೇಳಿಕೊಡುವುದಿಲ್ಲ.

ಪ್ರಶ್ನೆ: ರಾತ್ರಿ ಉಳಿದ ಕೋಳಿ-ಪಾಸ್ತಾವನ್ನು ಮಗನ ಶಾಲೆಯ ಡಬ್ಬಿಗೆ ಹಾಕಬಹುದೇ? (ಸದಾಶಿವಗಡ)

ಉತ್ತರ: ಹಾಕಬಹುದು, ಉಳಿಯಲಿ ಎಂದು ಬಯಸಿದ ದಿನ ಅದನ್ನು ಊಟಕ್ಕೆ ಕೂರುವ ಮೊದಲೇ ತೆಗೆದಿಟ್ಟರೆ. ಬೆಂದದ್ದು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ, 32 ಡಿಗ್ರಿ ಮೀರಿದ್ದರೆ, ಒಂದೇ ಗಂಟೆ. ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ಫ್ರಿಜ್‌ಗೆ ಹಾಕಿ. ಬೆಳಿಗ್ಗೆ ಪಾಸ್ತಾ ರಸವನ್ನೆಲ್ಲ ಕುಡಿದು ಬಿಗಿದಿರುತ್ತದೆ, ಕಾಲು ಲೋಟ ಹಾಲು ಅಥವಾ ನೀರು ಹಾಕಿ, ನಡುವಿನ ತುಂಡೂ ಹಬೆಯಾಡುವಷ್ಟು ಬಿಸಿಮಾಡಿ. ಡಬ್ಬಿ ಸಾಧಾರಣ ಸ್ಟೀಲಿನದಾಗಿದ್ದು ಮಗ ಉಣ್ಣುವುದು ಮಧ್ಯಾಹ್ನ ಒಂದು ಗಂಟೆಗಾದರೆ ಕೋಳಿ ಬೇಡ. ಬಿಸಿ ಹಿಡಿದಿಡುವ ಡಬ್ಬಿಯಿದ್ದರೆ ಅದಕ್ಕೆ ಮೊದಲು ಕುದಿನೀರು ತುಂಬಿಸಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಪಾಸ್ತಾ ತುಂಬಿ ಕೂಡಲೇ ಮುಚ್ಚಿ.